ಹಿತ್ತಲ ಮಾತು: ಚಿಗುರಿದ ಕಡ್ಡಿಗೆಲ್ಲ ಬೇರು ಬಂದಿರುವುದಿಲ್ಲ

ರೋಹಿಣಿ ಮಳೆ ಮುಗಿದು ಮೃಗಶಿರಾ ಹಿಡಿದುಕೊಂಡಿದೆ. ಈ ಹದಿನೈದು ದಿನದಲ್ಲಿ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ: ಕಡ್ಡಿ ನೆಟ್ಟು ಮರ ಮಾಡುವುದು ಹೇಗೆ? ನನಗೆ ಇದಕ್ಕಿಂತ ಇಷ್ಟದ ಮಾತು ಇನ್ನೊಂದಿಲ್ಲ. ಸಿದ್ದಾಪುರದಲ್ಲಿ, ಲಾಲ್‌ಬಾಗಿನ ಗೋಡೆಗೆ ಕೂಗಳತೆಯಲ್ಲಿ, ನಮ್ಮಪ್ಪನ ಸಣ್ಣ ನರ್ಸರಿ ಇತ್ತು. ಸ್ಕೂಲಿಂದ ಬಂದು ಚೀಲ ಮೂಲೆಗಿಟ್ಟು ನಾನು ಕೂರುತ್ತಿದ್ದದ್ದು ಕಡ್ಡಿ ನೆಟ್ಟ ಮಡಿಗಳ ಪಕ್ಕ. ಮದುವೆಯಾದ ಮೇಲೂ ಅದೇ ಕೆಲಸ. ಈಗ ವಯಸ್ಸು 67, ನರ್ಸರಿ ಇಲ್ಲ, ತಾರಸಿ ಇದೆ, ಕೆಲಸ ಮಾತ್ರ ಅದೇ. ಹಾಗಾಗಿ ಗುಲಾಬಿ ಹುಳು, ತುಳಸಿ ಒಣಗಿದ್ದು ಎಲ್ಲವನ್ನೂ ಮುಂದಿನ ಸಂಚಿಕೆಗೆ ಇಟ್ಟು, ಈ ಸಲ ಕಡ್ಡಿಯ ಪ್ರಶ್ನೆಗಳಿಗಷ್ಟೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಮೇಡಂ, ಗಿಡದ ವಿಷಯದಲ್ಲಿ ನಾನು ತೀರಾ ಹೊಸಬ. ಊರಿಂದ ಬರುವಾಗ ದಾಳಿಂಬೆಯ ಹತ್ತು ಕಡ್ಡಿ ತಂದು ಬಾಲ್ಕನಿಯ ಪಾಟಿನಲ್ಲಿ ನೆಟ್ಟೆ. ಎರಡು ವಾರದೊಳಗೆ ಹತ್ತಕ್ಕೆ ಹತ್ತೂ ಚಿಗುರಿದವು. ಮನೆಯವರಿಗೆಲ್ಲ ಫೋಟೊ ಕಳಿಸಿದೆ. ತಿಂಗಳು ತುಂಬುವಷ್ಟರಲ್ಲಿ ಒಂದೊಂದಾಗಿ ಬಾಡಿ ಎಲ್ಲವೂ ಒಣಗಿದವು. ನೀರು ಒಂದು ದಿನವೂ ತಪ್ಪಿಸಿಲ್ಲ, ಗೊಬ್ಬರವನ್ನೂ ಹಾಕಿದ್ದೆ. ಎಲ್ಲಿ ತಪ್ಪಿದೆ? — ಸಾಫ್ಟ್‌ವೇರ್ ಉದ್ಯೋಗಿ, ಯಲಹಂಕ

ಉತ್ತರ: ನಿಮ್ಮ ಕಾಗದ ಓದಿ ಬೇಜಾರಾಯಿತು ಕಣಪ್ಪ. ಹತ್ತೂ ಚಿಗುರಿದ ದಿನ ಎಷ್ಟು ಖುಷಿಪಟ್ಟಿರುತ್ತೀರಿ ಅನ್ನುವುದು ನನಗೆ ಗೊತ್ತು.

ಕಡ್ಡಿಯೊಳಗೆ ಅದರ ಬುತ್ತಿ ಅದಕ್ಕೇ ಇರುತ್ತದೆ, ತಾಯಿಮರದಲ್ಲಿದ್ದಾಗ ಕೂಡಿಟ್ಟುಕೊಂಡ ಪಿಷ್ಟ. ಒಂದಿಷ್ಟು ತೇವ, ಒಂದಿಷ್ಟು ಬೆಚ್ಚಗೆ ಆದ ಕೂಡಲೇ ಗಿಣ್ಣಿನಲ್ಲಿರುವ, ಅಂದರೆ ಎಲೆ ಹುಟ್ಟುವ ಗಂಟಿನಲ್ಲಿರುವ, ಮೊಗ್ಗು ಆ ಬುತ್ತಿ ಬಿಚ್ಚಿ ಉಂಡು ಎಲೆ ಬಿಡುತ್ತದೆ. ಅದಕ್ಕೆ ಬೇರು ಬೇಕಾಗಿಯೇ ಇಲ್ಲ. ಕಡಿದು ಬಿಸಾಕಿದ ನುಗ್ಗೆ ಕೊಂಬೆ ಬೇಲಿ ಪಕ್ಕ ಬಿದ್ದಲ್ಲೇ ಚಿಗುರುವುದನ್ನು ನೀವು ನೋಡಿರಬಹುದು. ತೊಂದರೆ ಶುರುವಾಗುವುದು ಎಲೆ ಬಿಚ್ಚಿದ ಮೇಲೆ. ಎಲೆ ಬಿಸಿಲಿಗೆ, ಗಾಳಿಗೆ ನೀರು ಬಿಡುತ್ತಲೇ ಇರುತ್ತದೆ, ಕೆಳಗಿಂದ ಎಳೆದು ಕೊಡುವ ಬೇರು ಇನ್ನೂ ಹುಟ್ಟಿಲ್ಲ. ಬುತ್ತಿ ಮುಗಿಯಿತು, ಎಲೆ ಜೋತುಬಿತ್ತು. ಆಗ ನಾವು ನೀರು ಸಾಲದಾಯಿತೇನೋ ಅಂತ ಇನ್ನೊಂದು ಚೊಂಬು ಹೊಯ್ಯುತ್ತೇವೆ. ಬೇರಿಲ್ಲದ ಕಡ್ಡಿಯ ಬುಡ ಆ ನೀರಿನಲ್ಲಿ ಕೊಳೆಯುತ್ತದೆ. ಗೊಬ್ಬರ ಹಾಕಿದ್ದರಂತೂ ಕೊಳೆಯುವುದು ಇನ್ನೂ ಬೇಗ.

ನನಗೆ ಇದನ್ನು ಅಪ್ಪ ಕಲಿಸಿದ್ದು ಹೀಗೆ. ನನಗಾಗ ಒಂಬತ್ತೋ ಹತ್ತೋ ವಯಸ್ಸು. ನನ್ನದೇ ಅಂತ ಹಿಪ್ಪುನೇರಳೆಯ ಹನ್ನೆರಡು ಕಡ್ಡಿ ಒಂದು ಸಾಲಿನಲ್ಲಿ ನೆಡಿಸಿಕೊಟ್ಟಿದ್ದರು. ಚಿಗುರೊಡೆದ ಮೇಲೆ ತಡೆಯಲಾಗದೆ ದಿನಾ ಬೆಳಿಗ್ಗೆ ಒಂದೊಂದನ್ನೂ ಮೆಲ್ಲಗೆ ಎತ್ತಿ, ಬೇರು ಬಂತೇ ಅಂತ ನೋಡಿ, ಮತ್ತೆ ಚುಚ್ಚಿ ಬರುತ್ತಿದ್ದೆ. ಅಪ್ಪನ ಸಾಲು ಹಸಿರಾಗಿ ನಿಂತಿತು, ನನ್ನದು ಕಪ್ಪಾಯಿತು. ಅಪ್ಪ ಬೈಯಲಿಲ್ಲ. ತಮ್ಮ ಸಾಲಿನಿಂದ ಒಂದು ಕಡ್ಡಿಯನ್ನು ಸುತ್ತಲ ಮಣ್ಣಿನ ಸಮೇತ ಬಗೆದು, ಬಕೆಟ್ ನೀರಿನಲ್ಲಿ ಅಲ್ಲಾಡಿಸಿ ತೊಳೆದು ನನ್ನ ಅಂಗೈ ಮೇಲಿಟ್ಟರು. ಕತ್ತರಿಸಿದ ತುದಿಯ ಸುತ್ತ ಅಕ್ಕಿ ನುಚ್ಚು ಅಂಟಿಸಿದ ಹಾಗೆ ಬೆಳ್ಳಗೆ ಉಬ್ಬಿತ್ತು. ಅದರ ಪಕ್ಕದಿಂದ ಒಂದೇ ಒಂದು ಬೇರು, ಹೊಲಿಗೆ ದಾರದಷ್ಟು ತೆಳು, ಉಗುರಿನಷ್ಟು ಉದ್ದ. ಅಪ್ಪ ಹೆಬ್ಬೆರಳಿನಿಂದ ಮುಟ್ಟಿದರು ಅಷ್ಟೆ, ಅದು ಮುರಿದು ನನ್ನ ಅಂಗೈಗೆ ಅಂಟಿಕೊಂಡಿತು. "ನೋಡು ಮಗಾ, ದಿನಾ ಬೆಳಿಗ್ಗೆ ನೀನು ಮುರೀತಿದ್ದದ್ದು ಇದನ್ನೇ" ಅಂದರು. ಆಮೇಲೆ ಯಾವತ್ತೂ ಕಡ್ಡಿ ಎತ್ತಿ ನೋಡಿಲ್ಲ.

ಬೇರು ಬಂದದ್ದು ಗೊತ್ತಾಗುವುದು ಎರಡನೇ ಸಲದ ಚಿಗುರಿನಿಂದ. ಮೊದಲ ಎಲೆಗಳು ಬಲಿತು ಸ್ವಲ್ಪ ದಿನ ಸುಮ್ಮನೆ ನಿಂತು, ಆಮೇಲೆ ಮತ್ತೆ ಹೊಸ ತುದಿ ಚಾಚಿದರೆ ಕೆಳಗೆ ಕೆಲಸ ಆಗಿದೆ ಅಂತ ಅರ್ಥ. ಕವರಿನ ತೂತಿನಿಂದ ಬಿಳಿ ಬೇರು ಇಣುಕಿದರೆ ಇನ್ನೂ ಒಳ್ಳೆಯದು. ದಾಳಿಂಬೆಗೆ ಎರಡು ತಿಂಗಳು ಕೊಡಿ.

ಈ ಸಲ ಹೀಗೆ ಮಾಡಿ. ಹೋದ ವರ್ಷ ಬೆಳೆದ ಕೊಂಬೆ ಬೇಕು: ತೊಗಟೆ ಹಸಿರು ಹೋಗಿ ಕಂದು ತಿರುಗಿರಬೇಕು, ಪೆನ್ಸಿಲಿನಷ್ಟು ದಪ್ಪ, ಆರರಿಂದ ಎಂಟು ಇಂಚು ಉದ್ದ, ನಾಲ್ಕು ಗಿಣ್ಣು. ಕೆಳಗಿನ ತುದಿಯನ್ನು ಗಿಣ್ಣಿನ ಕೆಳಗೇ ಓರೆಯಾಗಿ ಕತ್ತರಿಸಿ, ಮೇಲಿನದನ್ನು ಗಿಣ್ಣಿಂದ ಅರ್ಧ ಇಂಚು ಬಿಟ್ಟು ನೇರವಾಗಿ. ಹೀಗೆ ಮಾಡಿದರೆ ತಲೆಕೆಳಗಾಗಿ ನೆಡುವ ತಪ್ಪು ಆಗುವುದಿಲ್ಲ. ಬೇರು ಬರಿಸುವ ಸತ್ವ ಕಡ್ಡಿಯಲ್ಲಿ ಮೇಲಿನಿಂದ ಕೆಳಕ್ಕೇ ಇಳಿಯುವುದು, ಬುಡ ಬುಡವಾಗಿಯೇ ಇರಬೇಕು. ಎಲೆ ಪೂರ್ತಿ ತೆಗೆಯಿರಿ. ಎರಡು ಗಿಣ್ಣು ಮಣ್ಣಿನೊಳಗೆ, ಎರಡು ಹೊರಗೆ.

ಮಣ್ಣಿಗೆ ಎರಡು ಪಾಲು ಮರಳು, ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಕೊಕೊಪೀಟ್. ಬೆಂಗಳೂರಿನಲ್ಲಿ ಈಗ ಸಿಗುವುದೆಲ್ಲ ಎಂ-ಸ್ಯಾಂಡ್, ಅದರಲ್ಲಿ ಕಲ್ಲಿನ ಪುಡಿ ಇರುತ್ತದೆ, ನೀರು ಹಾಕಿದರೆ ಸಿಮೆಂಟಿನ ಹಾಗೆ ಕಚ್ಚಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ಮೂರು ಸಲ ತೊಳೆದು, ಬಿಳಿ ನೀರು ಬಸಿದು ಬಳಸಿ. ಕೊಕೊಪೀಟಿನಲ್ಲಿ ಉಪ್ಪು ಇರಬಹುದು, ಅದನ್ನೂ ನೆನೆಸಿ ಹಿಂಡಿ. ಗೊಬ್ಬರ ಬೇಡವೇ ಬೇಡ. ಪಾಟು ಕೊಳ್ಳುವುದೂ ಬೇಡ, ಅರ್ಧ ಲೀಟರಿನ ನಂದಿನಿ ಪ್ಯಾಕೆಟ್ ತೊಳೆದು ಕೆಳಗೆ ನಾಲ್ಕು ತೂತು ಮಾಡಿದರೆ ಒಂದು ಕಡ್ಡಿಗೆ ಅಳತೆ ಸರಿ. ಬೆಳಕಿರುವ ನೆರಳಿನಲ್ಲಿಡಿ. ದಿನಾ ನೀರು ಹಾಕಬೇಡಿ, ಬೆರಳನ್ನು ಒಂದು ಇಂಚು ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ.

ಹತ್ತು ನೆಟ್ಟು ಆರು ಬಂದರೆ ಅದು ಒಳ್ಳೆಯ ಕೈ. ನನ್ನ ಕೈಯಲ್ಲೂ ಹತ್ತಕ್ಕೆ ಹತ್ತು ಬರುವುದಿಲ್ಲ.

ಪ್ರಶ್ನೆ: ಅಮ್ಮಾ, ನಮ್ಮ ಶಾಲೆಯ ಕಾಂಪೌಂಡಿನೊಳಗೆ ಒಂದೂ ಮರವಿಲ್ಲ. ಸಸಿ ಕೊಳ್ಳಲು ದುಡ್ಡಿಲ್ಲ. ಮಕ್ಕಳ ಕೈಯಲ್ಲೇ ಕಡ್ಡಿ ನೆಡಿಸೋಣ ಅಂತ ಆಸೆ. ಯಾವ್ಯಾವ ಮರ ಸುಲಭವಾಗಿ ಬರುತ್ತದೆ? — ಶಿಕ್ಷಕಿ, ಹೆಸರಘಟ್ಟ

ಉತ್ತರ: ಹಿಪ್ಪುನೇರಳೆಯಿಂದ ಶುರು ಮಾಡಿ ಟೀಚರ್. ಬೆಂಗಳೂರು ಗ್ರಾಮಾಂತರ, ರಾಮನಗರ, ಕೋಲಾರದ ಕಡೆ ರೇಷ್ಮೆ ರೈತರ ತೋಟವೆಲ್ಲ ಎದ್ದಿದ್ದೇ ಕಡ್ಡಿಯಿಂದ. ಸೊಪ್ಪು ಕಟಾವಾದ ಮೇಲೆ ಕೇಳಿದರೆ ಒಂದು ಹೊರೆ ಸುಮ್ಮನೆ ಕೊಡುತ್ತಾರೆ. ರೈತರು ಅದನ್ನು ಗಿಡವಾಗಿ ಕತ್ತರಿಸಿ ಇಡುತ್ತಾರೆ, ಬಿಟ್ಟರೆ ಅದು ಮರವೇ. ಮಕ್ಕಳು ನೆಟ್ಟಿದ್ದರಲ್ಲಿ ಬಹುಪಾಲು ಬದುಕುತ್ತದೆ, ಹಣ್ಣೂ ತಿನ್ನುತ್ತಾರೆ. ಮೊದಲ ಸಲ ನೆಟ್ಟಿದ್ದು ಬದುಕಿದ ಮಗು ಎರಡನೇ ಸಲ ತಾನಾಗಿಯೇ ನೆಡುತ್ತದೆ, ಅದಕ್ಕೇ ಇದನ್ನು ಮೊದಲು ಹೇಳಿದ್ದು.

ಆಮೇಲೆ ನುಗ್ಗೆ. ಇದಕ್ಕೆ ಪೆನ್ಸಿಲ್ ದಪ್ಪ ಸಾಲದು, ಮಣಿಕಟ್ಟಿನಷ್ಟು ದಪ್ಪದ, ಮೂರರಿಂದ ನಾಲ್ಕು ಅಡಿ ಉದ್ದದ ಗೂಟವನ್ನೇ ನೆಡಬೇಕು. ಒಂದು ಅಡಿ ಮಣ್ಣಿನೊಳಗೆ ಇರಲಿ. ನುಗ್ಗೆ ಕೊಂಬೆ ಪಟ್ಟನೆ ಮುರಿಯುತ್ತದೆ, ಮಕ್ಕಳು ಹತ್ತುವ ಕಡೆ ಬೇಡ, ಬಿಸಿಯೂಟದ ಅಡುಗೆಮನೆ ಹಿಂದೆ ಹಾಕಿ, ಸೊಪ್ಪು ಸಾರಿಗಾಗುತ್ತದೆ. ಬೇಲಿ ಉದ್ದಕ್ಕೆ ಗೊಬ್ಬರದ ಗಿಡ, ಅಂದರೆ ಗ್ಲಿರಿಸೀಡಿಯ. ಗೂಟ ಹೊಡೆದರೆ ಸಾಕು, ಚಳಿಗಾಲ ಕಳೆಯುವಾಗ ನಸುಗೆಂಪು ಹೂ ಬಿಡುತ್ತದೆ, ಸೊಪ್ಪು ಒಳ್ಳೆಯ ಹಸಿರು ಗೊಬ್ಬರ. ಆದರೆ ಅದರ ಬೀಜ, ತೊಗಟೆ ವಿಷ. ಆ ಲ್ಯಾಟಿನ್ ಹೆಸರಿನ ಅರ್ಥವೇ ಇಲಿ ಕೊಲ್ಲುವುದು ಅಂತ. ಬಾಯಿಗೆ ಹಾಕಬಾರದು ಅಂತ ನೆಡುವ ದಿನವೇ ಮಕ್ಕಳಿಗೆ ಹೇಳಿಬಿಡಿ. ಹಾಲುವಾಣವೂ ಗೂಟದಿಂದ ಬರುತ್ತದೆ, ಮಲೆನಾಡಿನವರು ಮೆಣಸಿನ ಬಳ್ಳಿಗೆ ಹಾಗೇ ನೆಡುವುದು, ಆದರೆ ಮುಳ್ಳು. ಅಂಜೂರ ಬರುತ್ತದೆ, ಅತ್ತಿ, ಆಲ ಬರುತ್ತವೆ.

ಮಾವು, ಹಲಸು, ನೇರಳೆ ಕಡ್ಡಿಗೆ ಕೈ ಹಾಕಬೇಡಿ. ಹೊಂಗೆ, ಬೇವು ಬೀಜದಿಂದಲೇ ಚೆನ್ನ. ಬೇವಿನ ಹಣ್ಣು ಈಗ ಉದುರಲು ಶುರುವಾಗುತ್ತದೆ, ಮಕ್ಕಳಿಗೆ ಆರಿಸಲು ಹೇಳಿ, ತಿರುಳು ತೊಳೆದು ಒಂದೆರಡು ವಾರದೊಳಗೆ ಬಿತ್ತಿಬಿಡಿ. ಡಬ್ಬಿಯಲ್ಲಿ ಎತ್ತಿಟ್ಟರೆ ಬೇಗ ಜೀವ ಹೋಗುತ್ತದೆ. ತೆಂಗು, ಅಡಿಕೆಯ ಕಾಂಡ ತುಂಡು ಮಾಡಿ ನೆಟ್ಟರೆ ಯಾವ ಕಾಲಕ್ಕೂ ಬರುವುದಿಲ್ಲ.

ಪ್ರಶ್ನೆ: ದೇವಕಣಗಿಲೆ ಕೊಂಬೆ ಕಡಿದ ದಿನವೇ ನೆಟ್ಟು ತಪ್ಪದೆ ನೀರು ಹಾಕಿದೆ. ಬುಡ ಕಪ್ಪಾಗಿ ಮೆತ್ತಗಾಯಿತು. ಎರಡು ಸಲ ಹೀಗೇ ಆಯಿತು. — ಗೃಹಿಣಿ, ಬಸವೇಶ್ವರನಗರ

ಉತ್ತರ: ಕಡಿದ ದಿನವೇ ನೆಟ್ಟಿದ್ದೇ ತಪ್ಪು ನೋಡಿ. ಅದು ಹಾಲು ಸುರಿಸುವ ಗಿಡ, ಗಾಯ ಒಣಗಿ ತೊಗಲು ಕಟ್ಟಬೇಕು. ಒಂದರಿಂದ ಒಂದೂವರೆ ಅಡಿ ಕೊಂಬೆ ಕತ್ತರಿಸಿ, ಎಲೆ ತೆಗೆದು, ಮಳೆ ತಾಗದ ಕಡೆ ಗೋಡೆಗೆ ಒರಗಿಸಿ ಹತ್ತು ದಿನ ಮರೆತುಬಿಡಿ. ಹದಿನೈದಾದರೂ ನಷ್ಟವಿಲ್ಲ. ನೆಟ್ಟ ದಿನ ಒಂದು ಸಲ ನೀರು, ಆಮೇಲೆ ಎಲೆ ಕಾಣುವವರೆಗೆ ತೀರಾ ಒಣಗಿದರೆ ಮಾತ್ರ. ಈ ಗಿಡಕ್ಕೆ ಮಳೆಗಾಲ ಒಳ್ಳೆಯ ಹೊತ್ತಲ್ಲ, ಎಲೆ ಉದುರಿಸಿ ನಿಂತಿರುವ ಫೆಬ್ರವರಿ, ಮಾರ್ಚಿನಲ್ಲಿ ಕಡಿಯಿರಿ. ಆ ಹಾಲು ಕಣ್ಣಿಗೆ ಹಾರದಂತೆ ಹುಷಾರು.

ಪ್ರಶ್ನೆ: ಬೇರು ಬರಲು ಜೇನುತುಪ್ಪ, ಅರಿಶಿನ, ಎಳನೀರಿನಲ್ಲಿ ಅದ್ದಬೇಕು ಅನ್ನುತ್ತಾರೆ. ಅಂಗಡಿಯ ಪುಡಿ ಬೇಕೇ ಬೇಕಾ? — ಬಿ.ಎಸ್‌ಸಿ. ವಿದ್ಯಾರ್ಥಿನಿ, ಕೆಂಗೇರಿ

ಉತ್ತರ: ಹಿಪ್ಪುನೇರಳೆ, ನುಗ್ಗೆ, ಗೊಬ್ಬರದ ಗಿಡಕ್ಕೆ ಏನೂ ಬೇಡ ಮಗಳೇ. ಅರಿಶಿನ ಬೂಷ್ಟು ತಡೆಯಲು ಸ್ವಲ್ಪ ನೆರವಾಗಬಹುದು, ಬೇರು ಬರಿಸುವುದಿಲ್ಲ. ಜೇನಿನಲ್ಲೂ ಬೇರು ಬರಿಸುವ ಹಾರ್ಮೋನು ಇಲ್ಲ. ಎಳನೀರಿನ ಕಥೆ ಬೇರೆ. ಅದರಲ್ಲಿ ಸೈಟೊಕೈನಿನ್ ಅನ್ನುವ ಹಾರ್ಮೋನು ಇದೆ, ಅಂಗಾಂಶ ಕೃಷಿಯ (ಟಿಶ್ಯೂ ಕಲ್ಚರ್) ಪ್ರಯೋಗಾಲಯಗಳಲ್ಲಿ ಅದನ್ನು ಬಳಸುತ್ತಾರೆ. ಆದರೆ ಸೈಟೊಕೈನಿನ್ ಚಿಗುರಿಗೆ ಒತ್ತು ಕೊಡುವಂಥದ್ದು, ಹೆಚ್ಚಾದರೆ ಬೇರು ಹುಟ್ಟುವುದಕ್ಕೇ ಅಡ್ಡಿ. ಯಲಹಂಕದವರ ದಾಳಿಂಬೆಗೆ ಆದದ್ದನ್ನು ದುಡ್ಡು ಕೊಟ್ಟು ಮಾಡಿಕೊಂಡ ಹಾಗೆ. ಎಳನೀರು ನೀವೇ ಕುಡಿಯಿರಿ.

ಅಂಗಡಿ ಪುಡಿಯಲ್ಲಿರುವುದು ಐಬಿಎ, ಇಂಡೋಲ್ ಬ್ಯುಟಿರಿಕ್ ಆಮ್ಲ. ದಾಳಿಂಬೆ, ಅಂಜೂರದಂಥವಕ್ಕೆ, ಗೂಟಿ ಕಟ್ಟುವಾಗ (ಕೊಂಬೆ ಮರದಲ್ಲಿರುವಾಗಲೇ ಬೇರು ಬರಿಸುವುದು, ಕೊನೆಯ ಉತ್ತರದಲ್ಲಿ ಹೇಳಿದ್ದೇನೆ), ಅದು ನಿಜಕ್ಕೂ ಕೆಲಸ ಮಾಡುತ್ತದೆ. ಪೊಟ್ಟಣದ ಮೇಲೆ ಎಳೆ ಕಡ್ಡಿಗೆ ಯಾವುದು, ಬಲಿತದ್ದಕ್ಕೆ ಯಾವುದು ಅಂತ ಬರೆದಿರುತ್ತದೆ, ನೋಡಿ ತನ್ನಿ. ಹೆಚ್ಚು ಹಾಕಿದರೆ ಹೆಚ್ಚು ಬೇರು ಅಂತಿಲ್ಲ, ಬುಡ ಸುಟ್ಟುಹೋಗುತ್ತದೆ. ಚೂರು ಪುಡಿಯನ್ನು ಕಾಗದದ ಮೇಲೆ ಸುರಿದುಕೊಂಡು ಅದ್ದಿ, ಉಳಿದದ್ದನ್ನು ಮತ್ತೆ ಡಬ್ಬಿಗೆ ಹಾಕಬೇಡಿ.

ಪ್ರಶ್ನೆ: ರಸ್ತೆ ಬದಿಯ ಮರದಿಂದ ಕೊಂಬೆ ಕಡಿದು ತರಬಹುದಾ? — ಓದುಗರು, ಜೆ.ಪಿ. ನಗರ

ಉತ್ತರ: ಬೇಡ. 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ನಗರದ ಮರಕ್ಕೆ ಕೈ ಹಾಕುವ ಮುಂಚೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಕಡಿಯುವ ಅಗತ್ಯವೂ ಇಲ್ಲ. ಮಳೆಗಾಲಕ್ಕೆ ಮುಂಚೆ ಬೆಸ್ಕಾಂನವರು ಲೈನಿಗೆ ತಾಗುವ ಕೊಂಬೆ ಸವರಿ ಫುಟ್‌ಪಾತ್ ಮೇಲೆ ರಾಶಿ ಹಾಕಿರುತ್ತಾರಲ್ಲ, ಅಲ್ಲಿ ಕೇಳಿ ತನ್ನಿ. ನನ್ನ ತಾರಸಿಯ ಅಂಜೂರ ಬಂದದ್ದು ಹಾಗೆಯೇ. ಕಡಿದ ದಿನವೇ ತಂದು, ಒದ್ದೆ ಗೋಣಿಯಲ್ಲಿ ಸುತ್ತಿಟ್ಟುಕೊಳ್ಳಿ.

ಪ್ರಶ್ನೆ: ಕಡ್ಡಿಯಿಂದ ಬಂದ ಮರಕ್ಕೆ ತಾಯಿಬೇರು ಇರುವುದಿಲ್ಲ, ಗಾಳಿಗೆ ಬಿದ್ದುಹೋಗುತ್ತದೆ ಅನ್ನುತ್ತಾರೆ. ನಿಜವೇ? — ನಿವೃತ್ತ ಇಂಜಿನಿಯರ್, ನಾಗರಬಾವಿ

ಉತ್ತರ: ತಾಯಿಬೇರು ಇರುವುದಿಲ್ಲ ಅನ್ನುವುದು ನಿಜ ಸರ್. ಬಿದ್ದೇ ಬೀಳುತ್ತದೆ ಅನ್ನುವುದು ನಿಜವಲ್ಲ. ರಾಮೋಹಳ್ಳಿ ಹತ್ತಿರ ಕೇತೋಹಳ್ಳಿಯ ದೊಡ್ಡ ಆಲದಮರ ನೋಡಿದ್ದೀರಲ್ಲ? ಮೂಲ ಕಾಂಡ ರೋಗ ಬಂದು ಸತ್ತು ವರ್ಷಗಳೇ ಆದವು. ಸುಮಾರು ಮೂರು ಎಕರೆ ಹರಡಿ ನಿಂತಿರುವುದೆಲ್ಲ ಬಿಳಲುಗಳ ಮೇಲೆ, ಕೊಂಬೆಯಿಂದ ಇಳಿದ ಬೇರುಗಳ ಮೇಲೆ. ಕೊಂಬೆಗೆ ಬೇರು ಬಿಡುವ ಶಕ್ತಿ ಎಷ್ಟಿದೆ ಅಂತ ಯಾರಾದರೂ ಕೇಳಿದರೆ ನಾನು ಆ ಮರವನ್ನೇ ತೋರಿಸುವುದು.

ಕಡ್ಡಿಯ ಗಿಡಕ್ಕೆ ನಾಲ್ಕಾರು ಬೇರು ಪಕ್ಕಕ್ಕೆ ಹೋಗಿ ಹಿಡಿದುಕೊಳ್ಳುತ್ತವೆ. ಮೊದಲ ಎರಡು ಮೂರು ವರ್ಷ ಮಾತ್ರ ಕಷ್ಟ. ಪಾಟಿನಲ್ಲಿ ವರ್ಷಗಟ್ಟಲೆ ಇಟ್ಟರೆ ಬೇರು ಸಿಂಬಿ ಸುತ್ತಿಕೊಂಡು ಆಮೇಲೆ ನೆಲ ಹಿಡಿಯುವುದೇ ಇಲ್ಲ, ಅಂಥ ಮರ ಬೀಳುತ್ತದೆ. ಆರು ತಿಂಗಳಿಂದ ಒಂದು ವರ್ಷದೊಳಗೆ ನೆಲಕ್ಕೆ ಹಾಕಿ, ಗೂಟ ಕಟ್ಟಿ, ಏಪ್ರಿಲ್-ಮೇ ಗಾಳಿಮಳೆಗೆ ಮುಂಚೆ ತಲೆ ಹಗುರ ಮಾಡಿ. ಮತ್ತೊಂದು ಮಾತು, ಸುಲಭವಾಗಿ ಬರುತ್ತದೆ ಅಂತ 30×40 ಸೈಟಿನಲ್ಲಿ ಆಲ, ಅತ್ತಿ ನೆಡಬೇಡಿ. ಸಂಪು, ಕಾಂಪೌಂಡು ಎರಡನ್ನೂ ಸೀಳುತ್ತವೆ. ಅವಕ್ಕೆ ಊರ ಹೊರಗಿನ ರಸ್ತೆ, ಕೆರೆ ಏರಿಯ ಆಚೆ ಬಯಲು ಬೇಕು. ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ, ಚಿಕ್ಕಯ್ಯ ದಂಪತಿ ಬೆಳೆಸಿದ ಆಲಗಳನ್ನು ಒಮ್ಮೆ ನೋಡಿ ಬನ್ನಿ. ಬಿಂದಿಗೆಯಲ್ಲಿ ನೀರು ಹೊತ್ತು, ದನ ಮೇಯದಂತೆ ಮುಳ್ಳು ಕಟ್ಟಿ ಕಾದ ಮರಗಳು ಅವು. ನೆಟ್ಟ ಮೇಲಿನ ಆ ಕಾವಲಿಗೆ ಯಾರು ಸಿಗುತ್ತಾರೆ ಅಂತ ಗೊತ್ತಾದ ಮೇಲೆಯೇ ಗುಂಡಿ ತೋಡಿ.

ಪ್ರಶ್ನೆ: ತಂಗೀ, ಮಲ್ಲೇಶ್ವರದ ನಮ್ಮ ಹಳೇ ಮನೆಯನ್ನು ಶ್ರಾವಣ ಕಳೆದ ಮೇಲೆ ಒಡೆಯುತ್ತಾರೆ. ಹಿತ್ತಲಲ್ಲಿ ಅಮ್ಮ ಹಾಕಿದ ಸೀಬೆ ಮರ, ಬಾದಾಮಿ ಮಾವಿನ ಮರ ಇವೆ. ಸೀಬೆಯ ಕಡ್ಡಿ ಮೂರು ಸಲ ನೆಟ್ಟೆ, ಬರಲಿಲ್ಲ. ನನಗೆ 74. ನಾವು ಮೂರು ಜನ ಅಣ್ಣತಮ್ಮಂದಿರು, ಒಬ್ಬೊಬ್ಬರ ಮನೆಗೆ ಒಂದೊಂದು ಗಿಡ ಒಯ್ಯುವ ಆಸೆ. ದಾರಿ ಇದೆಯೇ? — ಓದುಗರು, ಮಲ್ಲೇಶ್ವರ

ಉತ್ತರ: ಇದೆ ಅಣ್ಣಾ. ನಿಮ್ಮ ಕಾಗದ ಬಂದ ದಿನವೇ ಬೇರೆಯದನ್ನೆಲ್ಲ ಬದಿಗಿಟ್ಟು ಇದಕ್ಕೆ ಉತ್ತರ ಬರೆದಿಟ್ಟೆ, ಯಾಕೆಂದರೆ ನಿಮಗೆ ಇರುವ ಸಮಯ ಸರಿಯಾಗಿ ಸಾಕಾಗುವಷ್ಟೇ.

ಸೀಬೆ ಕಡ್ಡಿಗೆ ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕೆ ಗೂಟಿ ಕಟ್ಟಬೇಕು. ಕಡ್ಡಿ ನೆಡುವಾಗ ಮೊದಲು ತಾಯಿಯಿಂದ ಬೇರೆ ಮಾಡಿ ಆಮೇಲೆ ಬೇರಿಗೆ ಕಾಯುತ್ತೇವೆ. ಗೂಟಿಯಲ್ಲಿ ಕೊಂಬೆ ತಾಯಿಯ ಮೈಮೇಲೇ ಇದ್ದು ಬೇರು ಬಿಡುತ್ತದೆ, ಆಮೇಲೆ ಬೇರೆ ಮಾಡುತ್ತೇವೆ. ಎಲೆ ಒಣಗುವ ಭಯವೇ ಇಲ್ಲ.

ಬಿಸಿಲು ಬೀಳುವ ಕಡೆ, ಕಿರುಬೆರಳಿನಷ್ಟು ದಪ್ಪದ, ಒಂದು ವರ್ಷದ ಕೊಂಬೆ ಆರಿಸಿ. ತುದಿಯಿಂದ ಒಂದೂವರೆ ಅಡಿ ಹಿಂದೆ, ಗಿಣ್ಣಿನ ಕೆಳಗೆ, ಚೂಪು ಚಾಕುವಿನಿಂದ ಸುತ್ತಲೂ ಎರಡು ಗೆರೆ, ನಡುವೆ ಒಂದು ಇಂಚು. ಆ ಒಂದು ಇಂಚಿನ ತೊಗಟೆಯನ್ನು ಬಳೆ ಬಿಚ್ಚಿದ ಹಾಗೆ ಬಿಡಿಸಿ. ಒಳಗೆ ಮರ ಬೆಳ್ಳಗೆ, ಬೆರಳಿಗೆ ಲೋಳೆಯಾಗಿ ಸಿಗುತ್ತದೆ. ಆ ಲೋಳೆಯನ್ನು ಒಣಬಟ್ಟೆಯಿಂದ ಒರೆಸಿ, ಚಾಕುವಿನ ಬೆನ್ನಿನಿಂದ ಕೆರೆದುಬಿಡಿ. ಇಲ್ಲಿ ಅವಸರ ಮಾಡಿದರೆ ತೊಗಟೆ ಮತ್ತೆ ಕೂಡಿಕೊಂಡು ಬೇರೇ ಬರುವುದಿಲ್ಲ. ಎಲೆ ಮಾಡಿದ ಆಹಾರ ತೊಗಟೆಯ ಮೂಲಕ ಕೆಳಗಿಳಿಯುತ್ತದೆ, ಬಳೆ ತೆಗೆದ ಜಾಗದಲ್ಲಿ ದಾರಿ ಕಾಣದೆ ಮೇಲಿನ ಅಂಚಿನಲ್ಲೇ ನಿಲ್ಲುತ್ತದೆ. ಬೇರು ಒಡೆಯುವುದು ಆ ಅಂಚಿನಿಂದ, ಐಬಿಎ ಪುಡಿ ಇದ್ದರೆ ಅಲ್ಲಿಗೇ ಸವರಿ. ನೀರು ಮರದೊಳಗಿಂದ ಏರುವುದರಿಂದ ಎಲೆ ಹಸಿರಾಗಿಯೇ ಇರುತ್ತದೆ.

ನರ್ಸರಿಯಲ್ಲಿ ಪಾಚಿ (ಮಾಸ್) ಅಂತ ಕೇಳಿ, ಒಣಗಿದ್ದು ಸಿಗುತ್ತದೆ. ನೆನೆಸಿ, ನೀರು ತೊಟ್ಟಿಕ್ಕದಷ್ಟು ಹಿಂಡಿ, ಒಂದು ಹಿಡಿ ಗಾಯದ ಸುತ್ತ ಉಂಡೆ ಕಟ್ಟಿ. ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ ಎರಡೂ ತುದಿ ದಾರದಿಂದ ಬಿಗಿಯಿರಿ, ಮಳೆನೀರು ಒಳಗೆ ಇಳಿಯದಂತೆ ಮೇಲಿನ ಗಂಟು ಇನ್ನೂ ಬಿಗಿ. ಏಣಿ ನೀವು ಹತ್ತಬೇಡಿ, ಕೈಗೆಟುಕುವ ಕೊಂಬೆ ಇಲ್ಲದಿದ್ದರೆ ಮೊಮ್ಮಕ್ಕಳನ್ನು ಕರೆಯಿರಿ. ಆರರಿಂದ ಎಂಟು ವಾರದಲ್ಲಿ ಪ್ಲಾಸ್ಟಿಕ್ಕಿನ ಒಳಗೆ ಬಿಳಿ ಬೇರು ಹಾವಿನ ಹಾಗೆ ಓಡಾಡುವುದು ಹೊರಗಿಂದಲೇ ಕಾಣುತ್ತದೆ. ಬಿಚ್ಚಿ ನೋಡಬೇಡಿ. ಬೇರು ಕಂದು ತಿರುಗಲು ಶುರುವಾದಾಗ ಉಂಡೆಯ ಕೆಳಗೆ ಕತ್ತರಿಸಿ, ಅರ್ಧ ಎಲೆ ತೆಗೆದು, ಪ್ಲಾಸ್ಟಿಕ್ ಬಿಚ್ಚಿ ಪಾಟಿಗೆ ಹಾಕಿ, ಒಂದು ತಿಂಗಳು ನೆರಳಲ್ಲಿಡಿ.

ಮಾವಿಗೆ ಕಸಿಯೇ ದಾರಿ. ಬಾದಾಮಿಯ ಓಟೆ ನೆಟ್ಟರೆ ಅಮ್ಮನ ಮರದ ಹಣ್ಣೇ ಬರುತ್ತದೆ ಅನ್ನುವ ನಂಬಿಕೆ ಇಲ್ಲ. ಕಸಿ ಬಲ್ಲ ನರ್ಸರಿಯವರ ಹತ್ತಿರ ಮೊದಲೇ ಮಾತಾಡಿ, ಅವರು ಹೇಳಿದ ದಿನಕ್ಕೆ ವಾರ ಹತ್ತು ದಿನ ಮುಂಚೆ ಬಲಿತ ಕೊಂಬೆಯ ಎಲೆಗಳನ್ನು ತೊಟ್ಟು ಬಿಟ್ಟು ಕತ್ತರಿಸಿ. ತುದಿಯ ಮೊಗ್ಗು ಉಬ್ಬಿದ ಮೇಲೆ ಕಡ್ಡಿ ಕಡಿದು ಒದ್ದೆ ಬಟ್ಟೆಯಲ್ಲಿ ಸುತ್ತಿ ಅವತ್ತೇ ತಲುಪಿಸಿ. ಅವರು ಓಟೆ ಸಸಿಯ ಮೇಲೆ ಕೂರಿಸಿಕೊಡುತ್ತಾರೆ. ಜೂನ್, ಜುಲೈ ಇದಕ್ಕೂ ಸರಿಯಾದ ಕಾಲ.

ಸೀಬೆಗೆ ಮಾತ್ರ ಆಷಾಢ ಕಳೆಯಲಿ ಅಂತ ಕಾಯಬೇಡಿ, ಈ ಭಾನುವಾರವೇ ಕಟ್ಟಿ. ಮೂರಲ್ಲ, ಐದು ಕೊಂಬೆಗೆ ಕಟ್ಟಿ: ನಿಮಗೊಂದು, ತಮ್ಮಂದಿರಿಗೆ ಒಂದೊಂದು, ಮಿಕ್ಕ ಎರಡು ಅವುಗಳಲ್ಲಿ ಯಾವುದಾದರೂ ಕೈಕೊಟ್ಟರೆ ಇರಲಿ.